ಸಿಆರ್‌ಎಂ ಸಿಮ್ಯುಲೇಷನ್‌ನಲ್ಲಿ ಡ್ರ್ಯಾಗ್ 20 ಕೌಂಟ್ ಜಾಸ್ತಿ ಬರ್ತಿದೆ, ಟರ್ಬ್ಯುಲೆನ್ಸ್ ಮಾಡೆಲ್ ಬದಲಾಯಿಸ್ಲಾ?

ಎಂಟೆಕ್_ಕಷ್ಟಜೀವಿ:
ನಮಸ್ಕಾರ ಎಲ್ರಿಗೂ. ಪ್ರಾಜೆಕ್ಟ್‌ಗೆ ನಾಸಾದ ಕಾಮನ್ ರಿಸರ್ಚ್ ಮಾಡೆಲ್ (ಸಿಆರ್‌ಎಂ, ಎಲ್ರೂ ತಮ್ಮ ಲೆಕ್ಕ ಹೋಲಿಸಿ ನೋಡೋಕೆ ಇರೋ ಮಾದರಿ ವಿಮಾನದ ಆಕಾರ) ತಗೊಂಡಿದೀನಿ, ರೆಕ್ಕೆ ಮತ್ತೆ ಬಾಡಿ ಅಷ್ಟೇ, ಬಾಲ ಇಲ್ಲ. ಎಸ್‌ಯು2 ಅನ್ನೋ ಗಾಳಿ ಹರಿವಿನ ಸಾಫ್ಟ್‌ವೇರ್‌ನಲ್ಲಿ ಸ್ಪಾಲಾರ್ಟ್-ಆಲ್ಮರಾಸ್ ಅನ್ನೋ ಟರ್ಬ್ಯುಲೆನ್ಸ್ ಮಾಡೆಲ್ (ಗಾಳಿಯ ಸುಳಿಗಳ ಪರಿಣಾಮ ಅಂದಾಜು ಮಾಡೋ ಸೂತ್ರ) ಹಾಕಿ ಮ್ಯಾಕ್ 0.85, ರೆನಾಲ್ಡ್ಸ್ ನಂಬರ್ 50 ಲಕ್ಷಕ್ಕೆ ಓಡಿಸ್ತಿದೀನಿ. ವಿಂಡ್ ಟನಲ್‌ನಲ್ಲಿ ಸಿಎಲ್ (ಲಿಫ್ಟ್, ಅಂದ್ರೆ ಮೇಲೆತ್ತೋ ಬಲದ ಗುಣಾಂಕ) 0.5 ಬಂದಿರೋ ಆ್ಯಂಗಲ್ಲೇ ಇಟ್ರೆ ನಂಗೆ 0.54 ಬರ್ತಿದೆ, ಡ್ರ್ಯಾಗ್ (ಗಾಳಿಯ ಎಳೆತ) 20 ಕೌಂಟ್ ಜಾಸ್ತಿ. ರೆಸಿಡ್ಯುಯಲ್ (ಸಮೀಕರಣ ಬಿಡಿಸುವಾಗ ಉಳಿಯೋ ವ್ಯತ್ಯಾಸ) ಚೆನ್ನಾಗೇ ಇಳಿದಿದೆ. ಎಸ್‌ಎಸ್‌ಟಿ ಅನ್ನೋ ಇನ್ನೊಂದು ಟರ್ಬ್ಯುಲೆನ್ಸ್ ಮಾಡೆಲ್ ಹಾಕಿ ನೋಡು ಅಂತಾರೆ ಗೈಡ್. ಹಾಕ್ಲಾ?

ಗಾಳಿಗೋಪುರ:
ಟರ್ಬ್ಯುಲೆನ್ಸ್ ಮಾಡೆಲ್ ಮುಟ್ಬೇಡ ಮಾರಾಯ. ಆ್ಯಂಗಲ್ ಒಂದೇ ಇಟ್ಟು ಡ್ರ್ಯಾಗ್ ಹೋಲಿಸೋದೇ ಸರಿಯಲ್ಲ, ಸಿಎಲ್ ಒಂದೇ ಇಟ್ಟು ಹೋಲಿಸ್ಬೇಕು. ಈ ಸಿಆರ್‌ಎಂದು ಕ್ರೂಸ್‌ನಲ್ಲಿ (ಮೇಲೆ ಒಂದೇ ವೇಗದಲ್ಲಿ ಹಾರುವಾಗ) ಒಟ್ಟು ಡ್ರ್ಯಾಗ್ ಸುಮಾರು 250 ಕೌಂಟ್, ಒಂದು ಕೌಂಟ್ ಅಂದ್ರೆ 0.0001 ಅಷ್ಟೇ. ಆಸ್ಪೆಕ್ಟ್ ರೇಶಿಯೋ (ರೆಕ್ಕೆಯ ಉದ್ದಕ್ಕೂ ಅಗಲಕ್ಕೂ ಇರೋ ಅನುಪಾತ) 9 ಇರೋದ್ರಿಂದ ಅದ್ರಲ್ಲಿ 90-100 ಕೌಂಟ್ ಬರೀ ಇಂಡ್ಯೂಸ್ಡ್ ಡ್ರ್ಯಾಗೇ (ಲಿಫ್ಟ್ ಹುಟ್ಟಿಸೋದ್ರಿಂದಲೇ ಬರೋ ಎಳೆತ), ಅದು ಸಿಎಲ್ ವರ್ಗದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ 0.5ರಿಂದ 0.54ಕ್ಕೆ ಹೋದ್ರೆ ಅಲ್ಲೇ 15-16 ಕೌಂಟ್ ಆಯ್ತಲ್ಲ, ಇನ್ನು ರೆಕ್ಕೆ ಮೇಲಿನ ಶಾಕ್ (ಆಘಾತ ತರಂಗ) ಜೋರಾಗಿ ಅದ್ರಿಂದ ಬರೋ ವೇವ್ ಡ್ರ್ಯಾಗ್ ಬೇರೆ ಸೇರ್ಕೊಳುತ್ತೆ. ಫಿಕ್ಸ್ಡ್ ಸಿಎಲ್ ಮೋಡ್ ಆನ್ ಮಾಡಿ ಟಾರ್ಗೆಟ್ 0.5 ಕೊಡು, ಆ್ಯಂಗಲ್ಲನ್ನ ಸಾಲ್ವರೇ ಹುಡುಕ್ಕೊಳುತ್ತೆ.

ಎಂಟೆಕ್_ಕಷ್ಟಜೀವಿ:
ಓ ಸರಿ ಅಣ್ಣ, ಈಗ್ಲೇ ರನ್ ಹಾಕ್ತೀನಿ. ಆದ್ರೆ ಅದೇ ಆ್ಯಂಗಲ್‌ಗೆ ಲಿಫ್ಟ್ ಯಾಕೆ ಜಾಸ್ತಿ?

ಹಳೇ_ಟನಲ್_ಮನುಷ್ಯ:
ಟನಲ್‌ನಲ್ಲಿರೋ ಮಾಡೆಲ್ ಲೋಹದ್ದೇ ಆದ್ರೂ ಗಾಳಿ ಒತ್ತಡಕ್ಕೆ ರೆಕ್ಕೆ ಬಗ್ಗುತ್ತೆ, ತಿರುಚ್ಕೊಳುತ್ತೆ, ತುದಿ ಕಡೆ ಆ್ಯಂಗಲ್ ಕಮ್ಮಿಯಾಗಿ ಲಿಫ್ಟ್ ಇಳಿಯುತ್ತೆ. ನಿನ್ನ ಮೆಶ್‌ನಲ್ಲಿ (ಲೆಕ್ಕಕ್ಕೆ ಜಾಗಾನ ಚಿಕ್ಕ ತುಂಡು ಮಾಡಿರೋ ಜಾಲ, ಗ್ರಿಡ್ ಅಂತಾನೂ ಅಂತಾರೆ) ಇರೋ ರೆಕ್ಕೆ ಬಗ್ಗಲ್ಲ. ಇದಕ್ಕೇ 2016ರ ಡ್ರ್ಯಾಗ್ ಪ್ರಿಡಿಕ್ಷನ್ ವರ್ಕ್‌ಶಾಪ್‌ನಲ್ಲಿ ಟನಲ್‌ನಲ್ಲಿ ಅಳೆದ ಬಾಗನ್ನ ಸೇರಿಸಿಯೇ ಜ್ಯಾಮಿತಿ ಕೊಟ್ಟಿದ್ರು, ಅದನ್ನ ಇಳಿಸ್ಕೋ. ಜತೆಗೆ ಮಾಡೆಲನ್ನ ಹಿಂದಿಂದ ಹಿಡ್ಕೊಂಡಿರೋ ಸ್ಟಿಂಗ್ ಅನ್ನೋ ಸರಳಿನ ಪ್ರಭಾವಾನೂ ಇದೆ. ಟನಲ್ ಡೇಟಾ ಅಂದ್ರೆ ದೇವರ ವಾಕ್ಯ ಅಲ್ಲ ಅಂತ ಟನಲ್‌ನಲ್ಲೇ ಕೆಲಸ ಮಾಡಿದೋನು ಹೇಳ್ತಿದೀನಿ ನೋಡು 😄

ಗಾಳಿಗೋಪುರ:
ಇದು ಸರಿ. ಇನ್ನೊಂದು, ಒಂದೇ ಮೆಶ್ ಮೇಲೆ ನಂಬಿಕೆ ಇಡ್ಬೇಡ, ಒಂದೇ ಫ್ಯಾಮಿಲಿಯ ಕನಿಷ್ಠ ಮೂರು ಗ್ರಿಡ್ ಓಡಿಸು. ಗ್ರಿಡ್‌ನ ತುಂಡುಗಳು ದೊಡ್ಡದಿದ್ರೆ ಇಲ್ಲದಿರೋ ಡ್ರ್ಯಾಗ್ ಸುಮ್ನೆ ಹುಟ್ಕೊಳುತ್ತೆ, ರೆಸಿಡ್ಯುಯಲ್ ಎಷ್ಟು ಇಳಿದ್ರೂ ಅದು ಹೋಗಲ್ಲ. ಗೋಡೆ, ಅಂದ್ರೆ ವಿಮಾನದ ಮೈ ಹತ್ರ ವೈ ಪ್ಲಸ್ (ಮೊದಲನೇ ತುಂಡು ಮೈಗೆ ಎಷ್ಟು ಹತ್ರ ಇದೆ ಅನ್ನೋ ಅಳತೆ) 1ರ ಆಸುಪಾಸಿನಲ್ಲಿರ್ಲಿ.

ಸುಮ್ನೆ_ಓದೋಳು:
ಇಷ್ಟೆಲ್ಲ ಗೋಳಿದ್ಮೇಲೆ ಕಂಪನಿಗಳು ಇದನ್ನ ಹೇಗೆ ನಂಬ್ತಾರೆ?

ಹಳೇ_ಟನಲ್_ಮನುಷ್ಯ:
ಕ್ರೂಸ್‌ಗೆ ಧಾರಾಳವಾಗಿ ನಂಬ್ತಾರಮ್ಮ. ಬೋಯಿಂಗ್‌ನೋರು 767ಗೆ 77 ರೆಕ್ಕೆ ಮಾಡಿಸಿ ಟನಲ್‌ನಲ್ಲಿ ಪರೀಕ್ಷೆ ಮಾಡಿದ್ರು, ಸಿಮ್ಯುಲೇಷನ್ ನಂಬೋ ಹಾಗಾದ್ಮೇಲೆ 787ಗೆ ಅದು ಹನ್ನೊಂದಕ್ಕೆ ಇಳೀತು. ಲ್ಯಾಂಡಿಂಗ್‌ನಲ್ಲಿ ಫ್ಲ್ಯಾಪ್ ಬಿಚ್ಚಿ ಸ್ಟಾಲ್ (ರೆಕ್ಕೆ ಲಿಫ್ಟ್ ಕಳ್ಕೊಳ್ಳೋ ಸ್ಥಿತಿ) ಹತ್ರ ಹೋದಾಗ ಮಾತ್ರ ಈ ಹುಡುಗ ಹಾಕಿರೋ ಥರದ ಟರ್ಬ್ಯುಲೆನ್ಸ್ ಮಾಡೆಲ್‌ಗಳು ಕೈ ಕೊಡ್ತಾವೆ, ಗಾಳಿ ಎಲ್ಲಿ ರೆಕ್ಕೆ ಬಿಡುತ್ತೆ ಅನ್ನೋದೇ ತಪ್ಪಾಗುತ್ತೆ. ಅಲ್ಲಿ ಈಗ ಎಲ್‌ಇಎಸ್ (ದೊಡ್ಡ ಸುಳಿಗಳನ್ನ ನೇರವಾಗೇ ಲೆಕ್ಕ ಹಾಕೋ ವಿಧಾನ) ಕಡೆ ಹೋಗ್ತಿದಾರೆ, ಆದ್ರೆ ಅದಕ್ಕೆ ಬೇಕಾಗೋ ಕಂಪ್ಯೂಟರ್ ಕಾಲೇಜ್ ಲ್ಯಾಬಲ್ಲಿ ಸಿಗಲ್ಲ.