ಮಗ ರಾತ್ರಿ ಎದ್ದು "ಭೂಮಿ ಸಾಯುತ್ತಾ" ಅಂತ ಅಳುತ್ತಾನೆ, ಏನು ಮಾಡಲಿ?

ಕುವೆಂಪುನಗರದ ಅಮ್ಮ:
ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಈ ವರ್ಷ ಸ್ಕೂಲಿನಲ್ಲಿ ಪರಿಸರದ ಪಾಠ ಜೋರಾಗಿದೆ. ಒಳ್ಳೆಯದೇ ಅಂದುಕೊಂಡಿದ್ದೆ. ಆದರೆ ಕರಗುವ ಹಿಮ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಬಿಕೊಂಡು ಸತ್ತ ಆಮೆ, ಬರೀ ಇಂಥ ವಿಡಿಯೋಗಳನ್ನೇ ತೋರಿಸಿದ್ದಾರೆ, ಈಗ ಇವನು ರಾತ್ರಿ ಎದ್ದು ಕೂತು ಅಳುತ್ತಾನೆ. ಹಗಲಲ್ಲಿ ಇನ್ನೊಂದು ಅವತಾರ. ಮೊನ್ನೆ ನಮ್ಮತ್ತೆ ದೇವರಾಜ ಮಾರ್ಕೆಟ್ಟಿನಿಂದ ಹೂವು ಕವರಿನಲ್ಲಿ ತಂದರು ಅಂತ "ನಿಮ್ಮಿಂದಲೇ ಎಲ್ಲ ಹಾಳಾಗಿದ್ದು" ಅಂತ ಕೂಗಾಡಿದ. ಅತ್ತೆ ಎರಡು ದಿನ ಮಾತು ಬಿಟ್ಟರು. ಸ್ಕೂಲಿನವರು ಕೇಳಿದರೆ "ಮಕ್ಕಳ ಭಾವನಾತ್ಮಕ ಬುದ್ಧಿವಂತಿಕೆ ಬೆಳೆಯುತ್ತೆ" ಅಂತಾರೆ. ಎಲ್ಲಿ ಬೆಳೀತು? ಈ ಪಾಠವೇ ಬೇಡ ಅಂತ ಹೇಳಿಬಿಡಲಾ?

ಮದ್ದೂರು ಕಡೆ ಮೇಷ್ಟ್ರು:
ಪಾಠ ಬೇಡ ಅನ್ನಬೇಡಿ ಮೇಡಂ, ವಿಡಿಯೋ ಬೇಡ ಅನ್ನಿ. ತನ್ನ ಕೈಲಿ ಏನೂ ಮಾಡಲಾಗದ ಕಷ್ಟ ತೋರಿಸಿದರೆ ಮಗುವಿಗೆ ಒಂದೋ ಭಯ, ಇಲ್ಲ ಕೋಪ. ನಿಮ್ಮವನಿಗೆ ಎರಡೂ ಆಗಿದೆ.

ನಾನು ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗುತ್ತೇನೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎಲ್ಲ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಂಗಳದ ತುಂಬ ಹಿಕ್ಕೆ, ವಾಸನೆ ಬೇರೆ. ಗೂಡಿರುವ ಮರದ ಹುಣಸೆ ಕೈಬಿಡಬೇಕು, ಅದಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತೆ. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು ಮೀನು ಹಾಕಿ ಸಾಕುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಆ ಹಕ್ಕಿಗಳನ್ನ. ಒಂದು ಸಲ ನಮ್ಮ ಹುಡುಗಿಯೊಬ್ಬಳು ಮೂಗು ಮುಚ್ಚಿಕೊಂಡೇ ಅಲ್ಲಿನ ಅಜ್ಜಿಯನ್ನು ಕೇಳಿದಳು, "ನಿಮಗೆ ಸಿಟ್ಟು ಬರಲ್ವಾ?" ಅಜ್ಜಿ, "ಬತ್ತದೆ ಕಣವ್ವ. ಬಂದ್ರೆ? ನಮ್ಮನೆಗೆ ಬಂದವೆ, ಓಡ್ಸಕಾಯ್ತದಾ" ಅಂದರು. ನಾನು ಒಂದು ವಾರ ಕೊರೆದಿದ್ದರೂ ಅಷ್ಟು ಹೇಳಲು ಆಗುತ್ತಿರಲಿಲ್ಲ.

ಸರಸ್ವತಿಪುರಂ:
ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಅದು ಒಂದು ದಿನದ ಪಿಕ್ನಿಕ್. ಮರುದಿನ ಅದೇ ಮೊಬೈಲು. ಜೂನ್ 5ಕ್ಕೆ ಸಸಿ ನೆಟ್ಟು ಫೋಟೋ ತೆಗೆಸುತ್ತಾರಲ್ಲ, ದಸರಾ ಹೊತ್ತಿಗೆ ಅದು ಒಣಗಿರುತ್ತೆ. ಅಳುವ ಮಗು ಒಂದೂ ಇರಲ್ಲ, ಯಾಕಂದ್ರೆ ಅದು ಯಾರ ಗಿಡವೂ ಅಲ್ಲ.

ಇನ್ನು ಆ ಭಾವನಾತ್ಮಕ ಬುದ್ಧಿವಂತಿಕೆ. 1990ರಲ್ಲಿ ಸಲೊವೇ, ಮೇಯರ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಅದನ್ನು ವಿವರಿಸಿದರು: ತನ್ನ ಮತ್ತು ಬೇರೆಯವರ ಭಾವನೆ ಗಮನಿಸುವುದು, ಇದು ಇಂಥದ್ದು ಅಂತ ಬಿಡಿಸಿ ನೋಡುವುದು, ಆಮೇಲೆ ಅದನ್ನು ಇಟ್ಟುಕೊಂಡು ಯೋಚಿಸಿ ನಡೆಯುವುದು. ನಿಮ್ಮ ಮಗ ಆಮೆಗೆ ಅತ್ತ, ಸರಿ. ಅಜ್ಜಿ ಮುಖ ನೋಡಿದನಾ?

ಪಾಂಡವಪುರದ ತಾತ:
ಒಂದು ಕುಂಡದಲ್ಲಿ ಮೆಂತ್ಯ ಹಾಕಿಸಿ ಕಣಮ್ಮ. ಮೂರ್ನಾಲ್ಕು ದಿನಕ್ಕೆ ಮೊಳಕೆ, ತಿಂಗಳಲ್ಲಿ ಸೊಪ್ಪು. ಮೇಲ್ವಿಚಾರಣೆ ಅಜ್ಜಿಗೇ ಬಿಡಿ. ನನ್ನ ಮೊಮ್ಮಗಳು ಹುರುಳಿಕಾಯಿ ಗಿಡಕ್ಕೆ ದಿನಕ್ಕೆ ನಾಲ್ಕು ಸಲ ನೀರು ಹೊಯ್ದು ಕೊಳೆಸಿ, ಬೆಕ್ಕು ಹಾಳು ಮಾಡಿತು ಅಂತ ಸುಳ್ಳು ಹೇಳಿದಳು. ನಾನು ಬೈಯಲಿಲ್ಲ. "ಬೇಜಾರಾ, ಭಯಾನಾ?" ಅಂದೆ. ಬಹಳ ಹೊತ್ತು ಬಿಟ್ಟು "ನಾಚಿಕೆ" ಅಂದಳು. ಮರುದಿನ ತಾನೇ ಹೊಸ ಬೀಜ ಕೇಳಿದಳು.

ಇನ್ನೊಂದು. ಮಗು ರಾತ್ರಿ ಕೇಳಿದಾಗ "ಏನೂ ಆಗಲ್ಲ ಮಲ್ಕೊ" ಅನ್ನಬೇಡಿ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ನಾಲೆಗೆ ನೀರು ಬರುತ್ತಾ ತಾತ ಅಂತ ಇವಳು ದಿನಾ ಕೇಳೋಳು. ನನಗೂ ಭಯ ಕಣವ್ವ, ಅದಕ್ಕೇ ಭತ್ತ ಬಿಟ್ಟು ರಾಗಿ ಹಾಕ್ತಿದೀನಿ ಅಂದೆ. ಆಮೇಲೆ ಅವಳು ರಾಗಿ ವಿಚಾರ ಕೇಳೋಕೆ ಶುರು ಮಾಡಿದಳು.

ಕುವೆಂಪುನಗರದ ಅಮ್ಮ:
ಹಳೇ ಪೇಂಟ್ ಬಕೆಟ್ಟಿಗೆ ಅತ್ತೆಯೇ ತೂತು ಹೊಡೆದು ಕೊಟ್ಟರು. ಮೆಂತ್ಯ ಹಾಕಿ ಆರು ದಿನ ಆಯ್ತು, ಇಬ್ಬರೂ ದಿನಾ ಅದರ ಮುಂದೆ ಜಗಳ. ಅತ್ತೆ ಈಗ ಹೂವಿಗೆ ಬಟ್ಟೆ ಚೀಲ ತೆಗೆದುಕೊಂಡು ಹೋಗುತ್ತಾರೆ, ಮೊಮ್ಮಗ ಹೇಳಿದ್ದಕ್ಕಲ್ಲವಂತೆ, ಕವರಿನಲ್ಲಿ ಹೂವು ಬೆವರುತ್ತವಂತೆ. ರಾತ್ರಿ ಏಳುವುದು ಇನ್ನೂ ನಿಂತಿಲ್ಲ. ಸ್ಕೂಲಿಗೆ ಸೋಮವಾರ ಹೋಗಿ ವಿಡಿಯೋ ವಿಷಯ ಮಾತಾಡುತ್ತೇನೆ. ಮೇಷ್ಟ್ರೇ, ಬೆಳ್ಳೂರಿಗೆ ಯಾವಾಗ ಬಂದರೆ ಮರಿ ನೋಡಬಹುದು?

ಮದ್ದೂರು ಕಡೆ ಮೇಷ್ಟ್ರು:
ಫೆಬ್ರವರಿ, ಮಾರ್ಚ್‌ನಲ್ಲಿ ಬನ್ನಿ. ಅಜ್ಜಿಯನ್ನೂ ಕರೆದುಕೊಂಡು ಬನ್ನಿ. ಟೋಪಿ ಮರೆಯಬೇಡಿ, ಮೇಲಿಂದ ಬೀಳುತ್ತೆ.