ಪದಚರ್ಚೆ: ಸಿಸೆರೊನ ‘ಒಫಿಕಿಯುಮ್’ಗೆ ‘ತಕ್ಕುದು’ ಸಲ್ಲುತ್ತದೆಯೇ?

ಮಾನ್ಯರೇ,

ಆಧುನಿಕ ನೀತಿಮೀಮಾಂಸೆಯ ಬೇರುಗಳನ್ನು ಕುರಿತು ಕನ್ನಡದಲ್ಲಿ ಬರೆಯುತ್ತಿರುವಾಗ ಎದುರಾದ ಒಂದು ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ. ಲ್ಯಾಟಿನ್ನಿನ ‘ಒಫಿಕಿಯುಮ್’ ಎಂಬ ಪದವನ್ನು ‘ಕರ್ತವ್ಯ’ ಎಂದು ಬರೆದು ಮುಂದೆ ಸಾಗಬಹುದು. ಆದರೆ ಹಾಗೆ ಮಾಡಿದರೆ ಆ ಪದದೊಳಗೆ ನಡೆದ ಬದಲಾವಣೆಯೇ ಮರೆಯಾಗುತ್ತದೆ.

ಕ್ರಿ.ಪೂ. 44ರಲ್ಲಿ ರೋಮಿನ ಚಿಂತಕ ಸಿಸೆರೊ ತನ್ನ ಮಗನನ್ನು ಉದ್ದೇಶಿಸಿ ಬರೆದ ಗ್ರಂಥದಲ್ಲಿ ಈ ಪದವು ಸ್ಟೋಯಿಕರೆಂಬ ತತ್ತ್ವಪಂಥದವರ ‘ಕಥೇಕೋನ್’ ಎಂಬ ಗ್ರೀಕ್ ಪದಕ್ಕೆ ಬದಲಾಗಿ ಬಂದಿದೆ. ಮನುಷ್ಯನ ಸ್ವಭಾವಕ್ಕೂ ಅವನು ನಿಂತಿರುವ ನೆಲೆಗೂ ಒಪ್ಪುವ ನಡೆ ಎಂಬುದು ಅದರ ಅರ್ಥ. 1673ರಲ್ಲಿ ಜರ್ಮನ್ ನ್ಯಾಯಚಿಂತಕ ಸಾಮುಯೆಲ್ ಪುಫೆಂಡಾರ್ಫ್ ಇದೇ ಪದವನ್ನು ತನ್ನ ಪುಸ್ತಕದ ಹೆಸರಿನಲ್ಲಿಟ್ಟುಕೊಂಡನಾದರೂ, ಒಂದು ಕಟ್ಟಿಗೆ (ಬಂಧನಕ್ಕೆ, ಲ್ಯಾಟಿನ್ನಿನಲ್ಲಿ ‘ಒಬ್ಲಿಗಾಟಿಯೊ’) ಒಳಪಟ್ಟು ಕಾನೂನಿನ ವಿಧಿಗೆ ಸರಿಹೊಂದುವಂತೆ ಮಾಡಿದ ಕ್ರಿಯೆ ಎಂದು ಅದನ್ನು ವಿವರಿಸಿದನು. ಆ ಕಟ್ಟನ್ನು ವಿಧಿಸಲು ಮೇಲಿನವನೊಬ್ಬನಿರಬೇಕು, ಅವನಿಗೆ ದಂಡಿಸುವ ಬಲವೂ ವಿಧಿಸಲು ನ್ಯಾಯವಾದ ಕಾರಣವೂ ಇರಬೇಕು ಎಂಬುದು ಅವನ ನಿಲುವು. 1785ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕಾನೂನನ್ನು ಉಳಿಸಿಕೊಂಡು, ಅದನ್ನು ವಿಧಿಸುವ ಅಧಿಕಾರವನ್ನು ಮನುಷ್ಯನ ವಿವೇಕಕ್ಕೇ ಒಪ್ಪಿಸಿದನು. ಕಾನೂನನ್ನು ವಿಧಿಸುವ ದೇವರನ್ನು ಕೈಬಿಟ್ಟ ಮೇಲೂ ನೈತಿಕವಾದ ‘ಬೇಕು’ ಎಂಬ ಮಾತನ್ನು ಹಿಡಿದುಕೊಂಡಿರುವುದು, ದಂಡಸಂಹಿತೆಯೂ ನ್ಯಾಯಾಲಯಗಳೂ ಇಲ್ಲವಾದ ಮೇಲೆ ‘ಅಪರಾಧಿ’ ಎಂಬ ಕಲ್ಪನೆ ಮಾತ್ರ ಉಳಿದಂತೆ ಎಂದು ಬ್ರಿಟಿಷ್ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್ಕಂಬ್ 1958ರಲ್ಲಿ ಆಕ್ಷೇಪಿಸಿದರು. ನನ್ನ ಬರಹದ ಎಳೆಯೆಲ್ಲ ಇಲ್ಲಿದೆ.

ಸಿಸೆರೊನ ಅರ್ಥಕ್ಕೆ ನನಗೆ ‘ತಕ್ಕುದು’ ಎಂಬುದೇ ಹತ್ತಿರವೆನಿಸುತ್ತದೆ. ಹಳಗನ್ನಡದ ‘ತಗು’ ಧಾತುವಿನಲ್ಲಿ ಒಪ್ಪುವುದು, ಹೊಂದುವುದು ಎಂಬ ಭಾವವಿದೆಯೇ ಹೊರತು ಅಪ್ಪಣೆಯ ಸುಳಿವಿಲ್ಲ. ‘ಇದು ನಿನಗೆ ತಕ್ಕುದಲ್ಲ’ ಎನ್ನುವಾಗ ನಾವು ಯಾವ ಕಾನೂನನ್ನೂ ನೆನೆಯುವುದಿಲ್ಲ. ಆದರೆ ಇಂದಿನ ಕಾಯಿದೆಗಳ ಕನ್ನಡದಲ್ಲಿ ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಎಂದರೆ ಸಲ್ಲಿಸಲೇಬೇಕು ಎಂದರ್ಥ. ಒಪ್ಪುವುದು ವಿಧಿಯಾಗಿ ಮಾರ್ಪಟ್ಟ ಯೂರೋಪಿನ ದಾರಿಯನ್ನೇ ನಮ್ಮ ಪದವೂ ತನ್ನಷ್ಟಕ್ಕೆ ನಡೆದಿದೆ ಎಂಬುದು ನನಗೆ ಬಹಳ ಮಹತ್ವದ್ದಾಗಿ ಕಾಣುತ್ತದೆ, ಆದರೆ ಅದರಿಂದಲೇ ಓದುಗರು ತಪ್ಪು ತಿಳಿಯುವ ಭಯವೂ ಇದೆ.

ಪುಫೆಂಡಾರ್ಫನ ‘ಒಬ್ಲಿಗಾಟಿಯೊ’ ಕಟ್ಟುವುದು ಎಂಬ ಧಾತುವಿನಿಂದ ಬಂದದ್ದು. ಅದಕ್ಕೆ ‘ಬಾಧ್ಯತೆ’ ಎನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ‘ಆ ಜಮೀನಿನಲ್ಲಿ ಅವನಿಗೂ ಬಾಧ್ಯವಿದೆ’ ಎಂಬ ಬಳಕೆಯಲ್ಲಿ ಅದು ಹಕ್ಕನ್ನೇ ಹೇಳುತ್ತದೆ. ‘ಕಟ್ಟುಪಾಡು’ ಧಾತ್ವರ್ಥಕ್ಕೆ ಸರಿಹೋಗುತ್ತದೆ, ಆದರೆ ಊರಿನ ಅಥವಾ ಜಾತಿಯ ನಿಯಮವೆಂಬ ಛಾಯೆ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆ.

ಹೀಗಾಗಿ ಸಿಸೆರೊನಿಗೆ ‘ತಕ್ಕುದು’, ಪುಫೆಂಡಾರ್ಫನಿಗೆ ‘ವಿಹಿತ ಕರ್ತವ್ಯ’ ಎಂದು ಒಂದೇ ಲ್ಯಾಟಿನ್ ಪದವನ್ನು ಎರಡಾಗಿ ಒಡೆಯುವುದು ಸರಿಯೇ? ‘ತಕ್ಕದ್ದು’ ಎಂಬ ರೂಪವು ವಿಧ್ಯರ್ಥದಲ್ಲಿ ಬಳಕೆಯಾದ ಹಳೆಯ ಶಾಸನಪಾಠ ಅಥವಾ ಕಾವ್ಯಪ್ರಯೋಗ ತಿಳಿದಿರುವವರು ದಯವಿಟ್ಟು ಸಂದರ್ಭಸಹಿತ ತಿಳಿಸಬೇಕೆಂದು ಕೋರುತ್ತೇನೆ.