ಬಿಳಿ ರಕ್ತಕಣ ಅಂದರೆ ಯಾವುದು? ಅದನ್ನು ‘ಕಣ’ ಅನ್ನಬಹುದಾ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಡೆಂಗಿ ಶುರುವಾಯಿತು ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಬಿಳಿ ರಕ್ತಕಣ ಕಡಿಮೆ ಆಗಿದೆಯಂತೆ.’ ಮೊನ್ನೆ ಒಬ್ಬ ತಾಯಿ ಮಗನ ರಿಪೋರ್ಟ್ ಹಿಡಿದು ಬಂದರು. ‘ಸಾರ್, ಬಿಳಿ ರಕ್ತಕಣ 40 ಸಾವಿರಕ್ಕೆ ಇಳಿದಿದೆ ಅಂತಾರೆ, ಏನ್ ಮಾಡೋದು?’ ಅಂದರು. ಕೈ ನಡುಗುತ್ತಿತ್ತು. ರಿಪೋರ್ಟಿನಲ್ಲಿ 40 ಸಾವಿರ ಇದ್ದದ್ದು ಪ್ಲೇಟ್‌ಲೆಟ್. ಬಿಳಿ ರಕ್ತಕಣ ಇದ್ದದ್ದು 2,800.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ರಕ್ತಕಣ ಸುಮಾರು 4,000ದಿಂದ 11,000 ಇರುತ್ತದೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಬಿಳಿ ರಕ್ತಕಣ ನಿಜಕ್ಕೂ 40 ಸಾವಿರ ಇದ್ದರೆ ಅದು ಇಳಿದದ್ದಲ್ಲ, ವಿಪರೀತ ಏರಿದ್ದು. ಸುದ್ದಿಯಲ್ಲೂ ಈ ತಪ್ಪನ್ನು ನೋಡಿದ್ದೇನೆ. ಡೆಂಗಿಯಲ್ಲಿ ಎರಡೂ ಇಳಿಯುತ್ತವೆ, ಗೊಂದಲ ಉಳಿದಿರುವುದು ಅದಕ್ಕೇ ಇರಬೇಕು. ಆದರೆ ಎರಡರ ಕೆಲಸ ಬೇರೆ ಬೇರೆ. ಬಿಳಿ ರಕ್ತಕಣ ಸೋಂಕನ್ನು ತಡೆಯುತ್ತದೆ, ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಲು ಬೇಕು.

ನನ್ನ ಅನುಮಾನ ‘ಕಣ’ ಎಂಬ ಪದದ ಮೇಲೆ. ಕಣ ಅಂದರೆ ನಮಗೆ ಧೂಳಿನ ಕಣ, ಮರಳಿನ ಕಣ. ಬಿದ್ದಲ್ಲಿ ಬಿದ್ದಿರುವ ಚೂರು. ಗಾಜಿನ ಮೇಲೆ ರಕ್ತ ಸವರಿ, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ತೆಳು ಗುಲಾಬಿ ಬಿಲ್ಲೆಗಳ ಹಾಗೆ ತುಂಬಿಕೊಂಡಿರುತ್ತವೆ. ಅವುಗಳಲ್ಲಿ ಕೋಶಕೇಂದ್ರ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ದೊಡ್ಡದು ಕಾಣುತ್ತದೆ. ಅದೇ ಬಿಳಿ ರಕ್ತಕಣ. ಅದರಲ್ಲಿ ಜಾಸ್ತಿ ಸಿಗುವುದು ನ್ಯೂಟ್ರೋಫಿಲ್ ಎಂಬ ಬಗೆ. ಅದರ ಒಳಗೆ ನೇರಳೆ ಬಣ್ಣದ ಕೋಶಕೇಂದ್ರ ಮೂರು ನಾಲ್ಕು ಗಂಟಾಗಿ, ದಾರಕ್ಕೆ ಮಣಿ ಪೋಣಿಸಿದ ಹಾಗೆ ಇರುತ್ತದೆ. ಇದು ಪೂರ್ತಿ ಜೀವಕೋಶ. ಪ್ಲೇಟ್‌ಲೆಟ್ ಮಾತ್ರ ಸಣ್ಣ ಚುಕ್ಕೆ. ಮೂಳೆಮಜ್ಜೆಯ ಒಂದು ದೊಡ್ಡ ಕೋಶದಿಂದ ಮುರಿದು ಬಂದ ತುಣುಕು ಅದು. ಕಣ ಅನ್ನುವ ಹೆಸರು ನಿಜವಾಗಿ ಒಪ್ಪುವುದು ಅದಕ್ಕೇ ಅಲ್ವಾ?

ಬಿಳಿ ಅನ್ನುವುದೂ ಪೂರ್ತಿ ಸರಿಯಲ್ಲ. ಈ ಕೋಶಕ್ಕೆ ಸ್ವಂತ ಬಣ್ಣವೇ ಇಲ್ಲ. ಟ್ಯೂಬಿನಲ್ಲಿ ರಕ್ತವನ್ನು ಗಿರಗಿರ ತಿರುಗಿಸಿದಾಗ ಕೆಂಪಿನ ಮೇಲೆ ತೆಳ್ಳಗೆ ಒಂದು ಬಿಳಿಚಿದ ಪದರ ನಿಲ್ಲುತ್ತದೆ. ಬಿಳಿ ಅನ್ನುವುದು ಅದನ್ನು ನೋಡಿದಾಗ ಒಪ್ಪುತ್ತದೆ. ಇದನ್ನು ನಾನು ಬದಲಿಸಿ ಅನ್ನುವುದಿಲ್ಲ, ಜನಕ್ಕೆ ರೂಢಿಯಾಗಿದೆ.

ಈ ಕೋಶ ಏನು ಮಾಡುತ್ತದೆ ಅಂತ ಮೊದಲು ಚೆನ್ನಾಗಿ ಗಮನಿಸಿದವರಲ್ಲಿ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಒಬ್ಬರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳ ಮೈಗೆ ಗುಲಾಬಿ ಮುಳ್ಳು ಚುಚ್ಚಿದರು. ಮರಿಗಳ ಮೈ ಗಾಜಿನಂತೆ ಪಾರದರ್ಶಕ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಓಡಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಇಂಥ ಕೋಶಕ್ಕೆ ವಿಯೆನ್ನಾದ ಪ್ರಾಧ್ಯಾಪಕ ಕಾರ್ಲ್ ಕ್ಲಾಸ್ ಗ್ರೀಕಿನಿಂದ ‘ಫ್ಯಾಗೋಸೈಟ್’ ಎಂಬ ಹೆಸರು ಸೂಚಿಸಿದರು. ತಿನ್ನುವ ಕೋಶ ಅಂತ ಅರ್ಥ. ಮೆಚ್ನಿಕಾಫ್‌ಗೆ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಕನ್ನಡದಲ್ಲಿ ಇದಕ್ಕೆ ‘ಭಕ್ಷಕ ಕೋಶ’ ಅಂತಾರೆ. ನನಗೆ ‘ನುಂಗುಕೋಶ’ ಇಷ್ಟ. ಅದು ರೋಗಾಣುವನ್ನು ಸುತ್ತುವರಿದು ಒಳಗೆ ಎಳೆದುಕೊಂಡು ಅರಗಿಸುತ್ತದೆ. ಮಕ್ಕಳಿಗೆ ‘ದೇಹದ ಸೈನಿಕರು’ ಅಂತ ಸುಮ್ನೆ ಹೇಳುವುದಕ್ಕಿಂತ ‘ನುಂಗುತ್ತವೆ’ ಅಂದರೆ ಕೆಲಸ ಕಣ್ಣಿಗೆ ಕಟ್ಟುತ್ತದೆ. ಆದರೆ ಎಲ್ಲ ಬಿಳಿ ರಕ್ತಕಣಕ್ಕೂ ಈ ಹೆಸರು ಸಲ್ಲುವುದಿಲ್ಲ. ಲಿಂಫೋಸೈಟ್ ಎಂಬ ಇನ್ನೊಂದು ಬಗೆಯವುಗಳ ಕೆಲಸ ನುಂಗುವುದಲ್ಲ. ಅವುಗಳಲ್ಲಿ ಕೆಲವು ಪ್ರತಿಕಾಯ ತಯಾರಿಸುತ್ತವೆ, ಕೆಲವು ಸೋಂಕು ತಗುಲಿದ ಕೋಶವನ್ನೇ ಕೊಲ್ಲುತ್ತವೆ, ಕೆಲವು ಒಮ್ಮೆ ಬಂದ ರೋಗಾಣುವಿನ ನೆನಪನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ.

ನಮ್ಮಲ್ಲಿ ಬಿಳಿ ರಕ್ತಕಣಕ್ಕೆ ತೀರಾ ಹತ್ತಿರದ ಹಳೆಯ ಪದ ಒಂದಿದೆ: ಕೀವು. ಕಾಲಿಗೆ ಮುಳ್ಳು ಚುಚ್ಚಿ, ಕೆಂಪಗೆ ಬಾತು, ಬಿಸಿಯಾಗಿ, ಎರಡು ದಿನಕ್ಕೆ ಕೀವು ಕಟ್ಟುತ್ತದೆ. ಆ ಕೀವಿನಲ್ಲಿ ಹೆಚ್ಚಿನ ಪಾಲು ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಬಂದು, ಅಲ್ಲಿ ಸತ್ತ ನ್ಯೂಟ್ರೋಫಿಲ್‌ಗಳೇ. ಕೀವಿನ ಹಸಿರು ಛಾಯೆ ಕೂಡ ಅವುಗಳೊಳಗಿನ ಒಂದು ಕಿಣ್ವದ್ದು. ತಮಿಳಿನಲ್ಲಿ ಇದು ‘ಸೀ’, ತೆಲುಗಿನಲ್ಲಿ ‘ಚೀಮು’. ನಮ್ಮ ‘ಕಿವಿ’ ಅಲ್ಲಿ ‘ಚೆವಿ’ ಆಗುವ ಹಾಗೆಯೇ. ಅಂದರೆ ತುಂಬ ಹಳೆಯ ದ್ರಾವಿಡ ಪದ. ಕುರು ಹಣ್ಣಾಯಿತು, ಒಡೆಯಿತು ಅನ್ನುವ ನಮ್ಮ ಮಾತುಗಳೂ ಇದೇ ಹೋರಾಟದ ಹಂತಗಳನ್ನು ಹೇಳುತ್ತವೆ. ‘ಕೀವು ಹೊಲಸು’ ಅಂತ ಮೂಗು ಮುಚ್ಚುವವರಿಗೆ, ನಿಮ್ಮನ್ನು ಕಾಯಲು ಬಂದು ಸತ್ತವು ಇವು ಅಂತ ನಾನು ಹೇಳುತ್ತೇನೆ.

ಈಗ ನನ್ನ ಪ್ರಶ್ನೆ. ಬರುವ ಮಳೆಗಾಲಕ್ಕೆ ಮುಂಚೆ ಲ್ಯಾಬಿನ ಗೋಡೆಗೆ ಒಂದು ಕನ್ನಡ ಫಲಕ ಬರೆಯಬೇಕು. ಪ್ಲೇಟ್‌ಲೆಟ್‌ಗೆ ಶಾಲೆಯ ಪುಸ್ತಕದ ‘ಕಿರುತಟ್ಟೆ’ ಬರೆಯಲೇ, ಅಥವಾ ಎಲ್ಲರಿಗೂ ಗೊತ್ತಿರುವ ‘ಪ್ಲೇಟ್‌ಲೆಟ್’ ಅಂತಲೇ ಇಡಲೇ? ‘ಬಿಳಿ ರಕ್ತಕಣ’ದ ಬದಲು ‘ಬಿಳಿ ರಕ್ತಕೋಶ’ ಅಂದರೆ ಆ ತಾಯಿಯಂಥವರಿಗೆ ಅರ್ಥವಾಗುತ್ತದಾ? ನಿಮ್ಮ ಊರಿನ ಕಡೆ ಜನ ಬೇರೆ ಪದ ಬಳಸುತ್ತಿದ್ದರೆ ಅದನ್ನೂ ತಿಳಿಸಿ.